ಒಳಗೆ ದನಿ, ವರಾಂಡದಲ್ಲಿ ಮಾರಿಯಮ್ಮ

ಆಂಡರ್ಸನ್‌ಪೇಟೆ, ಕೆ.ಜಿ.ಎಫ್.
ಸೋಮವಾರ, 10 ನವೆಂಬರ್ 2025

ವೇಣು ಚಿಕ್ಕಪ್ಪನಿಗೆ,

ನಿನ್ನೆ ಬಂಗಾರಪೇಟೆಯ ನಿನ್ನ ಮನೆಯಲ್ಲಿ ಮಾರಿಯಮ್ಮನನ್ನು ವರಾಂಡದಲ್ಲಿ ಕೂರಿಸಿ, ರೆಕಾರ್ಡಿನಲ್ಲಿರುವ ಅವಳ ಹಾಡನ್ನು ನೀನು ಒಳಗೆ ಸೋಫಾದ ಮೇಲೆ ಕೂತು ಕೇಳಿದೆ. ಇದು ಅನ್ಯಾಯ. ಇದಕ್ಕೆ ಬೇರೆ ಹೆಸರು ಹುಡುಕುವುದಿಲ್ಲ. ‘ಪ್ರೀತಿಯ’ ಎಂದು ಬರೆಯಲು ಕೈ ಬರಲಿಲ್ಲ. ನಿನ್ನ ಮಂಡಿನೋವು ಹೇಗಿದೆ? ಶ್ಯಾಮಲಾ ಚಿಕ್ಕಮ್ಮನ ಬಿ.ಪಿ. ಇಳಿಯಿತೇ? ಅಜ್ಜಿ ಕೇಳು ಅಂದಳು, ಕೇಳಿದ್ದೇನೆ. ಫೋನ್ ಮಾಡಿದರೆ ಕಟ್ ಮಾಡುತ್ತೀಯ, ಅದಕ್ಕೇ ಈ ಕಾಗದ. ಹರಿದುಹಾಕಬೇಕಾದರೂ ಇದನ್ನು ಒಂದು ಸಲ ಕೈಗೆತ್ತಿಕೊಳ್ಳಲೇಬೇಕು.

ಮೊದಲು ರೆಕಾರ್ಡು ತಿರುಗಿಸುವ ಟರ್ನ್‌ಟೇಬಲ್ಲಿನ ವಿಷಯ. ಅದು ನಿನ್ನದಲ್ಲ. ಭಾನುವಾರ ಯಾರು ಬೇಕಾದರೂ ಬಂದು ಹಾಡು ಕೇಳಲಿ ಅಂತ ತಾತ ಅದನ್ನು ನಮ್ಮ ಬೀದಿಯ ಓದುವ ಕೋಣೆಗೆ ಕೊಟ್ಟು ಹೋದರು. ನಿಜ, ಅದು ಸರಿಯಾಗಿ ತಿರುಗುತ್ತಿರಲಿಲ್ಲ. ಹಳೇ ಮೋಟಾರು ಗೊರಕೆ ಹೊಡೆಯುತ್ತಿತ್ತು. ಬೆಲ್ಟು ಹರಿದ ಮೇಲೆ ನಾವು ಸ್ಕೂಟರ್ ಟ್ಯೂಬಿನಿಂದ ಪಟ್ಟಿ ಕತ್ತರಿಸಿ ಹಾಕಿದ್ದೆವು, ಅದು ಜಾರಿ ಜಾರಿ ಹಾಡನ್ನು ಎಳೆದಾಡುತ್ತಿತ್ತು. “ಇದೇನೇ ಭಾರ್ಗವಿ, ಕುಂಟೆತ್ತು ಗಾಣ ಸುತ್ತಿದಂಗೆ ಸುತ್ತುತದೆ! ಮೋಟ್ರು, ಬೆಲ್ಟು ಎಲ್ಲಾ ಒಸದು ಆಕ್ಸಿ ಕೊಡ್ತೀನಿ ಬಿಡು” ಅಂತ ನೀನೇ ಹೊತ್ತುಕೊಂಡು ಹೋದೆ. ನಾನು ಬೇಡ ಅಂದೆ. ವೇಗ ಸರಿಮಾಡುವ ಚಟ ಹೊಟ್ಟೆ ತುಂಬಿದವರದ್ದು, ನಮಗೆ ಹಾಡು ಕೇಳಿಸಿದರೆ ಸಾಕು ಅಂತ ಭಾಷಣವನ್ನೂ ಮಾಡಿದೆ. “ಬಂದ್ಳಪ್ಪಾ ಕರಪತ್ರ” ಅಂತ ನೀನು ನಕ್ಕೆ. ನಗು. ಕರಪತ್ರ ಓದಿಯೇ ನಾನು ಕಲಿತದ್ದು. ಎಲ್ಲರಿಗೂ ಸೇರಿದ್ದನ್ನು ಒಬ್ಬ ತನ್ನ ಮನೆಗೆ ಒಯ್ದು, ಅದಕ್ಕೊಂದು ಹೊಸ ತಿರುಪು ಹಾಕಿ, ಇನ್ನು ಇದು ನಂದು ಅನ್ನುವುದು ಹೇಗೆ ಅಂತ ಅಲ್ಲಿ ಓದಿದ್ದೆ. ನನ್ನ ಸ್ವಂತ ಚಿಕ್ಕಪ್ಪನೇ ಅದನ್ನು ಮಾಡಿ ತೋರಿಸುತ್ತಾನೆ ಅಂದುಕೊಂಡಿರಲಿಲ್ಲ.

ಮೋಟಾರು ಬದಲಾಯಿತು, ಬೆಲ್ಟು ಬದಲಾಯಿತು, ಯಂತ್ರ ಮಾತ್ರ ವಾಪಸ್ ಬರಲಿಲ್ಲ. ಕೇಳಿದರೆ, “ಅಲ್ಲಿ ಕಂಡೋರೆಲ್ಲಾ ಕೈ ಆಕ್ತಾರೆ. ಕೇಳ್ಬೇಕು ಅಂದ್ರೆ ಇಲ್ಲಿಗೇ ಬರ್ರಿ” ಅಂದೆ. ಬಂದೆವು. ಅಜ್ಜಿ ಹೊಸ ಸೀರೆ ಉಟ್ಟಳು. ಮಾರಿಯಮ್ಮ ಕ್ಯಾಸಂಬಳ್ಳಿಯಿಂದ ಬಸ್ಸು ಹತ್ತಿ, ನಿನಗೆ ಅಂತ ಮಡಿಲಲ್ಲಿ ಅವರೆಕಾಯಿ ಕಟ್ಟಿಕೊಂಡು ಬಂದಳು. ಆ ಸೋಬಾನೆ ರೆಕಾರ್ಡಿನಲ್ಲಿ ಅಜ್ಜಿ ಎತ್ತಿದ ಒಂದೊಂದು ಸೊಲ್ಲಿಗೂ ಮೇಳದ ಹೆಂಗಸರ ಮುಂದೆ ನಿಂತು ಸೊಲ್ಲು ಕೊಟ್ಟವಳು ಅವಳೇ ಅಂತ ನಿನಗೆ ಚಿಕ್ಕಂದಿನಿಂದ ಗೊತ್ತು. ಆದರೂ ಬಾಗಿಲಲ್ಲೇ, “ನೀನು ಇಲ್ಲೇ ಕುಂತ್ಕೋ ಮಾರಿಯಮ್ಮ, ಗಾಳಿ ಚೆನ್ನಾಗದೆ” ಅಂದೆ. ಗಾಳಿ! ಅವಳು ಯಾವ ಕೇರಿಯವಳು ಎನ್ನುವುದಕ್ಕೆ ನೀನು ಇಟ್ಟ ಹೆಸರು ಗಾಳಿ. ನಮಗೆ ಸ್ಟೀಲ್ ಲೋಟದಲ್ಲಿ ಕಾಫಿ, ಅವಳಿಗೆ ಪೇಪರ್ ಕಪ್ಪು. ಅವಳು ತಂದ ಅವರೆಕಾಯಿ ಮಾತ್ರ ನೆಟ್ಟಗೆ ಅಡಿಗೆಮನೆಗೆ ಹೋಯಿತು.

ಎರಡನೇ ಹಾಡು ಮುಗಿಯುವ ಮೊದಲೇ ಅಜ್ಜಿ ಲೋಟ ಕೆಳಗಿಟ್ಟಳು. “ಲೇ ವೇಣು, ಅವ್ಳ ದನಿ ಒಳಿಕ್ಕೆ ಬರ್ಬೌದು, ಅವ್ಳು ಬರ್ಬಾರ್ದೇನ್ಲಾ?” ನೀನು ಏನಂದೆ? “ಅವ್ವಾ, ಇದು ಮನೆ. ನಿಮ್ ಓದೋ ರೂಮಲ್ಲ.” ಅಜ್ಜಿ ಎದ್ದು ಹೋಗಿ ಮಾರಿಯಮ್ಮನ ಪಕ್ಕ ನೆಲದ ಮೇಲೆ ಕೂತಳು. ನೀನು ರೆಕಾರ್ಡಿನ ಮೇಲಿನ ಮುಳ್ಳು ಎತ್ತಿಬಿಟ್ಟೆ. ಹೆತ್ತ ತಾಯಿ ಹೊರಗೆ ಕೂತದ್ದಕ್ಕೆ ನಿನಗೆ ನಾಚಿಕೆಯಾಗಲಿಲ್ಲ. ಎದುರು ಮನೆಯವರು ನೋಡಿದ್ದಕ್ಕೆ ಆಯಿತು.

ಈಗ ಕೇಳು. ಮೋಟಾರು ನಿನ್ನದು, ಬೆಲ್ಟು ನಿನ್ನದು. ಬಿಚ್ಚಿಕೋ, ಷೋಕೇಸಿನಲ್ಲಿಟ್ಟು ಪೂಜೆ ಮಾಡು. ಉಳಿದದ್ದು ನಮ್ಮದು. ಹಳೇ ಮೋಟಾರು, ರೆಕಾರ್ಡು ಸಮೇತ ವಾಪಸ್ ಕೊಡು. ನಮ್ಮ ಟ್ಯೂಬಿನ ಪಟ್ಟಿ ನಮಗೆ ಸಾಕು. ಹಾಡು ಎಳೆದಾಡಿದರೆ ಎಳೆದಾಡಲಿ, ಎಲ್ಲರೂ ಒಂದೇ ಚಾಪೆಯ ಮೇಲೆ ಕೂತು ಕೇಳುತ್ತೇವೆ.

ಅಜ್ಜಿ ಆಶೀರ್ವಾದ ಬರೆ ಅಂದಿದ್ದಾಳೆ. ಅವಳು ತಾಯಿ, ಅವಳಿಗೆ ಆಗುತ್ತದೆ. ಚಿಕ್ಕಮ್ಮನಿಗೆ ನಮಸ್ಕಾರ. ನಿನಗೆ ಇಲ್ಲ.

ಭಾರ್ಗವಿ

ಕವರು ಅಂಟಿಸುವ ಮೊದಲು: ಮೋಟಾರು ಬಿಚ್ಚಬೇಡ. ಬೆಲ್ಟನ್ನೂ ಮುಟ್ಟಬೇಡ. ವಾಪಸ್ ಬರುವಾಗ ಬಸ್ಸಿನಲ್ಲಿ ಮಾರಿಯಮ್ಮ ಮೆಲ್ಲಗೆ ಕೇಳಿದಳು: “ರೋಡ್ನಾಗೆ ಲಾರಿ ಸದ್ದು, ನಂಗೇನೂ ಕೇಳಿಸ್ಲಿಲ್ಲ ಕಣಮ್ಮ. ಅದ್ರಾಗೆ ನನ್ ದನಿ ಬಂತಾ?” ಬಂತು ಚಿಕ್ಕಪ್ಪ. ನಮ್ಮ ಟ್ಯೂಬಿನ ಪಟ್ಟಿಯಲ್ಲಿ ಇಷ್ಟು ವರ್ಷ ಆ ಹೆಂಗಸರೆಲ್ಲರ ದನಿ ಒಂದೇ ಮುದ್ದೆಯಾಗಿ ಕೇಳುತ್ತಿತ್ತು. ಅದರಲ್ಲಿ ತನ್ನದು ಯಾವುದು ಅಂತ ಅವಳಿಗೇ ತಿಳಿಯುತ್ತಿರಲಿಲ್ಲ. ನಿನ್ನೆ ನಿನ್ನ ಮೋಟಾರಿನಲ್ಲಿ ಅದು ಬೇರೆಯಾಗಿ, ಎಲ್ಲರಿಗಿಂತ ಮೇಲೆ, ಇಪ್ಪತ್ತರ ಹುಡುಗಿಯ ದನಿಯಾಗಿ ಬಂತು. ನಾನು ಕೇಳಿದೆ, ನೀನೂ ಕೇಳಿದೆ. ಅವಳೊಬ್ಬಳು ಕೇಳಲಿಲ್ಲ. ಬೆಲ್ಟು ಕೂರಿಸಿ ವೇಗ ಹೊಂದಿಸುವುದು ನಮಗೆ ಬರುವುದಿಲ್ಲ, ನೀನೇ ತರಬೇಕು. ನಿನ್ನನ್ನು ಬಾಗಿಲಲ್ಲಿ ನಿಲ್ಲಿಸುವುದಿಲ್ಲ, ಆ ಪದ್ಧತಿ ನಮ್ಮದಲ್ಲ. ಆದರೆ ಅವಳು ಮುಂದೆ ಕೂರುತ್ತಾಳೆ, ನೀನು ಹಿಂದೆ. ಓದುವ ಕೋಣೆ, ಬರುವ ಭಾನುವಾರ, ಹದಿನಾರನೇ ತಾರೀಕು, ಬೆಳಿಗ್ಗೆ ಹತ್ತು ಗಂಟೆ.