ಕೆಲ್ಟರ ಗಗ್ಗರ

ಡೊಂಬಿವಲಿ, ೨೦೧೪

ಬಾಗಿ ಅಕ್ಕಾ, ನೀನಿಲ್ಲದಿದ್ದರೂ ಇದನ್ನು ನಿನಗೇ ಹೇಳಬೇಕು.

ನಿನ್ನ ಮೊಮ್ಮಗಳು ದಿಶಾಳಿಗೆ ಐರ್ಲೆಂಡಿನಲ್ಲಿ ಎಂ.ಎ. ಸೀಟು ಸಿಕ್ಕಿದೆ, ಯುರೋಪಿನ ಪ್ರಾಚೀನ ಕೆಲ್ಟ್ ಜನರ ಪುರಾತತ್ವ. "ಮಣ್ಣು ಅಗೆಯಲು ಅಷ್ಟು ದೂರ ಯಾಕೆ?" ಎಂದು ನಿನ್ನ ಮಗ ರಂಜನ್ ಒಪ್ಪಿರಲಿಲ್ಲ.

ಇವತ್ತು ಅವಳು ಕೆಲ್ಟರದೊಂದು ಬಾಯ್ತೆರೆದ ಚಿನ್ನದ ಬಳೆಯ ಫೋಟೊ ತೋರಿಸಿದಳು. "ಓ, ಭೂತಕೋಲದಲ್ಲಿ ಕಾಲಿಗೆ ಹಾಕುವ ಗಗ್ಗರ!" ಎಂದೆ.

"ಕಾಲಿಗಲ್ಲ ಅಜ್ಜ, ಗಲೇ ಮೇ ಪಹನ್ತೇ ಥೇ!"

ರಂಜನ್ ಬಿದ್ದು ಬಿದ್ದು ನಕ್ಕ. "ಅವರಿಗೂ ಕೋಲ ಕಟ್ಟಿಸಿದಿರಾ ಮಾವ!" ಆಮೇಲೆ ತಾನೇ ಕನ್ನಡಕ ಹಾಕಿಕೊಂಡು ಕೇಳಿದ: "ಕುತ್ತಿಗೆಗೇ ಅಂತ ಹೇಗೆ ಗೊತ್ತು?"

"ಗೋರಿಯಲ್ಲಿ ಸ್ಕೆಲಿಟನ್ ಕುತ್ತಿಗೆಯಲ್ಲೇ ಇತ್ತು ಪಪ್ಪಾ."

ಅವನ ಪ್ರಶ್ನೆಗಳು ಮುಗಿಯಲೇ ಇಲ್ಲ. ಕೊನೆಗೆ, "ಹೋಗು, ಸರಿಯಾಗಿ ಕಲಿ. ಇಲ್ಲದಿದ್ದರೆ ಮಾವ ಹೇಳಿದ್ದನ್ನೇ ನಂಬಬೇಕಾಗ್ತದೆ" ಎಂದ.

ದಿಶಾ ನನ್ನ ಕಾಲಿಗೆ ಬಿದ್ದಳು. ನಿನ್ನ ಪಾಲಿನ ಆಶೀರ್ವಾದವನ್ನೂ ನಾನೇ ಮಾಡಿದೆ ಅಕ್ಕಾ. ಕಡಿಮೆಯಾದದ್ದನ್ನು ಅಲ್ಲಿಂದಲೇ ಸೇರಿಸು.

ನಿನ್ನ ತಮ್ಮ
ವಾಸು