ಮಂಜಿಯ ಮನೆಯ ಎರಡು ಎಳನೀರು

ಇಸಳೂರು, ಶಿರಸಿ
೧೯ ಜನವರಿ ೨೦೨೬, ಸೋಮವಾರ

ಪ್ರೀತಿಯ ಆಯಿಗೆ,

ಶ್ರೀಲಕ್ಷ್ಮಿಯ ನಮಸ್ಕಾರ. ನಿನ್ನ ಮಂಡಿನೋವು ಹೇಗಿದೆ? ಧಾರವಾಡದಲ್ಲಿ ಚಳಿ ಜೋರಂತೆ, ಬೆಳಗಾಗೆದ್ದು ತಣ್ಣೀರಿನಲ್ಲಿ ಬಟ್ಟೆ ಹಿಂಡಲು ಹೋಗಬೇಡ, ಅಲ್ಲಿ ಮಷೀನಿದೆ. ತಂಗಿ ಅಭಿಜ್ಞಾಳಿಗೆ ಹಾಲು ಸಾಕಾಗುತ್ತಿದೆಯೇ? ಬಾಣಂತಿ ಔಷಧಿ ಕಹಿ ಎಂದು ಕಿಟಕಿಯಿಂದ ಚೆಲ್ಲುವವಳು ಅವಳು, ಎದುರಿಗೆ ಕೂತು ಕುಡಿಸು. ಕೂಸಿನ ಫೋಟೊ ನೋಡಿದೆ. ಮೂಗು ಪೂರ್ತಿ ನಿನ್ನದು, ಸಿಟ್ಟು ಯಾರದೆಂದು ಮುಂದೆ ಗೊತ್ತಾಗುತ್ತದೆ. ಅಪ್ಪಯ್ಯ ಆರಾಮಿದ್ದಾನೆ. ಗುರುವಾರ ಸಿದ್ದಾಪುರದ ಸಂತೆ ಮುಗಿಸಿ ಮನೆಗೆ ಹೋಗಿದ್ದೆ. ದಿನವೂ ತಂಬುಳಿ ಅನ್ನ ಉಂಡು, ಅಡುಗೆ ಕಲಿತುಬಿಟ್ಟೆ ಎಂದು ಮೆರೆಯುತ್ತಿದ್ದಾನೆ. ನಿನ್ನ ತೊಂಡೆ ಚಪ್ಪರಕ್ಕೆ ತಪ್ಪದೆ ನೀರು ಬಿಡುತ್ತಿದ್ದಾನೆ, ಚಿಂತೆ ಬೇಡ.

ಕ್ಷೇಮ ಸಮಾಚಾರ ಇಷ್ಟೇ. ಇನ್ನು ಬರೆಯುವುದೆಲ್ಲ ಸಿಟ್ಟಿನದು. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಎರಡು ಸಲವೂ ನೀನು "ಕೂಸು ಅಳ್ತು, ಇಡ್ತೆ" ಎಂದು ಕಡಿದುಬಿಟ್ಟೆ. ಕೂಸು ಅತ್ತದ್ದು ನನಗಂತೂ ಕೇಳಿಸಲಿಲ್ಲ. ಕಾಗದವನ್ನು ಹಾಗೆ ಕಡಿಯಲಾಗುವುದಿಲ್ಲ. ಅಭಿಜ್ಞಾ ಮಲಗಿದಾಗ ಒಬ್ಬಳೇ ಕೂತು ಪೂರ್ತಿ ಓದು.

ನಿನಗೆ ಗೊತ್ತಿರುವುದನ್ನೇ ಮೊದಲಿನಿಂದ ಹೇಳುತ್ತೇನೆ, ಯಾಕೆಂದರೆ ಫೋನಿನಲ್ಲಿ ನೀನು ಏನೂ ಗೊತ್ತಿಲ್ಲದವಳ ಹಾಗೆ ಮಾತಾಡಿದೆ. ಆರು ವರ್ಷದ ಹಿಂದೆ ಇಸಳೂರಿನ ಹೊಸ ಮನೆಗಳ ನಡುವಿನ ಖಾಲಿ ಸೈಟಿನಲ್ಲಿ ಹನ್ನೊಂದು ಬುಟ್ಟಿ ಇಟ್ಟು 'ಬೆಳೆದವರ ಸಂತೆ' ಶುರು ಮಾಡಿದೆವು. ಹನ್ನೊಂದರಲ್ಲಿ ಒಂದು ನಿನ್ನ ಮಿಡಿ ಉಪ್ಪಿನಕಾಯಿಯದು. ಈಗ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರು ಕಡೆ ವಾರಕ್ಕೊಮ್ಮೆ ಸಂತೆ ಕೂರುತ್ತದೆ, ಅರವತ್ತು ಚಿಲ್ಲರೆ ಮನೆಯವರು ಮಾರುತ್ತಾರೆ. ನಿಯಮ ಎರಡೇ. ತಾನು ಬೆಳೆದದ್ದನ್ನು ಮಾತ್ರ ತರಬೇಕು, ಗದ್ದೆಗೆ ರಾಸಾಯನಿಕ ಸುರಿಯಬಾರದು. ಇದು ಸರಿಯಾಗಿ ನಡೆಯುತ್ತಿದೆಯೋ ಎಂದು ನೋಡಲು ಸಂತೆಯ ಇಬ್ಬರು ಸದಸ್ಯರೇ ವರ್ಷಕ್ಕೊಮ್ಮೆ ಪ್ರತಿಯೊಬ್ಬರ ಗದ್ದೆಗೆ ಹೋಗಿ, ಕಂಡದ್ದನ್ನು ಬರೆದು ಕೊಡಬೇಕು. ಹೊರಗಿನ ಅಧಿಕಾರಿಗಳು ಬೇಡ, ನಮ್ಮನ್ನು ನಾವೇ ನೋಡಿಕೊಳ್ಳೋಣ ಎಂದು ಹಟ ಹಿಡಿದವಳು ನಾನು. ಎಂಥ ಪೆದ್ದು ನಾನು.

ಕಳೆದ ಕಾರ್ತಿಕದಲ್ಲಿ ನೀನೂ ಬನವಾಸಿಯ ಚಂದ್ರಶೇಖರಪ್ಪನವರೂ ಒಂದೇ ದಿನ ಎರಡು ಮನೆ ನೋಡಿದಿರಿ. ಬೆಳಿಗ್ಗೆ ಮಂಚೀಕೇರಿಯ ಹತ್ತಿರ ನಿನ್ನ ತಮ್ಮ ಕಮಲಾಕರ ಮಾವನದು, ಮಧ್ಯಾಹ್ನದ ಮೇಲೆ ನಂದೊಳ್ಳಿಯಲ್ಲಿ ಗೆಣಸು ಮಾರುವ ಮಂಜಿಯದು. ಮಾವ ಪಾಸು, ಮಂಜಿ ನಪಾಸು. ಎರಡು ವರದಿಗೂ ಅಧ್ಯಕ್ಷೆ ಎಂದು ನಾನು ಸಹಿ ಹಾಕಿದೆ. ನಿನ್ನ ಅಕ್ಷರ ಕಂಡರೆ ಸಾಕು, ಓದುವುದೇನು ಎಂದುಕೊಂಡೆ.

ಹೋದ ಸೋಮವಾರ ಮಾವನ ಮನೆಗೆ ಹೋಗಿದ್ದೆ. ಸಂತೆಯ ಬೋರ್ಡಿಗೆ ಹಾಕಲು ಅವನ ಬೀನ್ಸ್ ಚಪ್ಪರದ ಫೋಟೊ ಬೇಕಿತ್ತು. ಮಾವ ಪೇಟೆಗೆ ಹೋಗಿದ್ದ. ಅತ್ತೆ ದೋಸೆ ಹಾಕುತ್ತೇನೆ ಕೂತುಕೋ ಎಂದರು. ಬಂದು ತಿನ್ನುತ್ತೇನೆ ಎಂದು ಗದ್ದೆಗೆ ಇಳಿದೆ. ಆಯಿ, ಅಲ್ಲಿ ತರಕಾರಿ ಗದ್ದೆಯೇ ಇಲ್ಲ! ಈ ತುದಿಯಿಂದ ಆ ತುದಿಯವರೆಗೆ ಅಡಿಕೆ ಸಸಿ, ನನ್ನ ಸೊಂಟದೆತ್ತರ ಬಂದಿದೆ. ನೆಟ್ಟು ಎರಡು ವರ್ಷವಂತೂ ಆಗಿದೆ. ಹುಡುಕಿದರೂ ಒಂದು ಹರಿವೆ ಬುಡ ಸಿಗಲಿಲ್ಲ. ವಾಪಸ್ ಬರುವಾಗ ಕೊಟ್ಟಿಗೆಯ ಪಕ್ಕ ಬದನೆ, ಬೀನ್ಸಿನ ಮೂಟೆಗಳು ಕಂಡವು, ಹುಬ್ಬಳ್ಳಿ ಮಂಡಿಯ ಚೀಟಿ ಇನ್ನೂ ಚೀಲದ ಹೊಲಿಗೆಯಲ್ಲೇ ಸಿಕ್ಕಿಕೊಂಡಿತ್ತು. ಅದನ್ನೇ ಎರಡು ವರ್ಷದಿಂದ ನಮ್ಮ ಗದ್ದೆಯದು, ಎಳೆಯದು ಎಂದು ಬಾಣಂತಿಯರಿಗೆ, ಮಕ್ಕಳ ತಾಯಂದಿರಿಗೆ ತೂಗಿ ಕೊಡುತ್ತಿದ್ದ. ದೋಸೆ ತಿನ್ನದೆ ಬಂದೆ.

ಮನೆಗೆ ಬಂದು ನಿನ್ನ ವರದಿ ತೆಗೆದು ಓದಿದೆ. "ತರಕಾರಿ ಗದ್ದೆ ನೋಡಿದ್ದೇವೆ. ಸಮೃದ್ಧವಾಗಿದೆ." ಸಮೃದ್ಧ! ಎಷ್ಟು ದುಂಡಗೆ ಬರೆದಿದ್ದೀಯ ಆ ಶಬ್ದವನ್ನು. ತಕ್ಷಣ ಚಂದ್ರಶೇಖರಪ್ಪನವರಿಗೆ ಫೋನು ಮಾಡಿದೆ. ಪಾಪ, ಆ ಮನುಷ್ಯನಿಗೆ ಸುಳ್ಳು ಹೇಳಲು ಬರುವುದಿಲ್ಲ. "ಖರೇ ಹೇಳ್ತೀನ್ರಿ ಅಕ್ಕಾರ, ನಾವು ಗದ್ದಿಗೆ ಇಳೀಲೇ ಇಲ್ರಿ" ಎಂದರು. ಹೋದ ಕೂಡಲೇ ಆಸರಿಗೆ ಎಂತ ಕೊಡ್ಲಿ ಎಂದು ಮಾವ ನೀರು ಬೆಲ್ಲ ತಂದಿಟ್ಟನಂತೆ, ಆಮೇಲೆ ಪುನರ್ಪುಳಿ ಪಾನಕ, ಅವಲಕ್ಕಿ, ಚಹಾ. ಗದ್ದೆಯ ಮಾತೆತ್ತಿದರೆ "ಗದ್ದೆ ಎಲ್ಲಿಗೂ ಓಡಿಹೋಗ್ತಿಲ್ಲೆ, ಕೂತ್ಕಳಿ" ಎಂದನಂತೆ. ಹನ್ನೆರಡೂವರೆಗೆ ಎಲೆ ಹಾಕಿ ಹೋಳಿಗೆ ಊಟ, ಅದರ ಮೇಲೆ ಎಲೆಯಡಿಕೆಯ ಕವಳ, ಅದರ ಮೇಲೆ ಜಗಲಿಯಲ್ಲಿ ಒಂದು ನಿದ್ದೆ. "ಅಷ್ಟ್ ಉಂಡ್ ಮ್ಯಾಲ ಗದ್ದಿ ತೋರಸ್ರಿ ಅನ್ನಾಕ ನಾಚಿಕಿ ಬಂತ್ರಿ" ಎಂದರು. ಅವರು ಹೊರಗಿನವರು, ಸಂಕೋಚ ಸರಿ. ನಿನಗೇನಾಗಿತ್ತು? ನೀನು ಹುಟ್ಟಿದ ಮನೆಯ ಗದ್ದೆ ಅದು, ಕಣ್ಣು ಕಟ್ಟಿ ಬಿಟ್ಟರೂ ಇಳಿದುಹೋಗುತ್ತೀಯ. ಅಲ್ಲಿ ಅಡಿಕೆ ಹಾಕಿದ್ದು ನಿನಗೆ ಗೊತ್ತಿರಲಿಲ್ಲ ಎಂದು ನನ್ನ ಮುಖ ನೋಡಿ ಹೇಳಬಲ್ಲೆಯಾ?

ಇಷ್ಟಕ್ಕೇ ನಿಂತಿದ್ದರೆ ತಮ್ಮನ ಮೇಲಿನ ಮೋಹ ಎಂದು ಜಗಳವಾಡಿ ಸುಮ್ಮನಾಗುತ್ತಿದ್ದೆನೋ ಏನೋ. ಮಂಜಿಯ ಮನೆಯಲ್ಲಿ ನಡೆದದ್ದನ್ನೂ ಅವರ ಬಾಯಿಂದಲೇ ಕೇಳಿದ ಮೇಲೆ ಸುಮ್ಮನಿರಲಾರೆ. ನೀವು ಬರುತ್ತೀರೆಂದು ಅವಳು ಅಂಗಳ ಸಾರಿಸಿ ಹೊಸ ಚಾಪೆ ಹಾಸಿದ್ದಳು. ನಮ್ಮ ಜಾತಿಯವರು ಅವಳ ಮನೆಯ ನೀರು ಮುಟ್ಟುವುದಿಲ್ಲ ಎಂದು ಅವಳಿಗೆ ಗೊತ್ತು. ಅದಕ್ಕೇ ಚಹಾ ಮಾಡಿರಲಿಲ್ಲ. ಎರಡು ಎಳನೀರು ಇಳಿಸಿ, ಕೆತ್ತದೆ, ಕತ್ತಿಯನ್ನು ಬೂದಿ ಹಾಕಿ ತಿಕ್ಕಿ ತೊಳೆದು ಪಕ್ಕದಲ್ಲಿಟ್ಟು, ನೀವೇ ಕೆತ್ತಿಕೊಂಡು ಕುಡಿಯಿರಿ ಎಂದಳಂತೆ. ಇನ್ನೂ ಎಷ್ಟು ಬಗ್ಗಬೇಕಿತ್ತು ಅವಳು? ನೀನು "ಎಳನೀರು ಬ್ಯಾಡ, ಶೀತ ಆಗ್ತು" ಎಂದೆ. ನಿನ್ನನ್ನು ನೋಡಿ ಚಂದ್ರಶೇಖರಪ್ಪನವರೂ ಬೇಡವೆಂದರು. ಚಾಪೆಯ ಮೇಲೆ ಕೂರಲೂ ಇಲ್ಲ. ವಾಪಸ್ ಬರುವಾಗ ಯಲ್ಲಾಪುರದ ಹೋಟೆಲಿನಲ್ಲಿ ಐಸು ಹಾಕಿಸಿಕೊಂಡು ಲಿಂಬು ಸೋಡಾ ಕುಡಿದೆಯಂತೆ. ಶೀತ ಆಗಲಿಲ್ಲವೇ ಆಯಿ?

ಕೂರದವರಿಗೆ ಹೊತ್ತು ಬೇಕಾದಷ್ಟಿರುತ್ತದೆ. ಅವಳ ಹತ್ತು ಗುಂಟೆಯನ್ನು ಸಾಲು ಸಾಲಾಗಿ ನಡೆದು ನೋಡಿದಿರಿ. ಗೆಣಸಿನ ಬಳ್ಳಿ ಎತ್ತಿ ನೋಡಿದಿರಿ, ಗೊಬ್ಬರಗುಂಡಿ ಕೆದಕಿ ಮೂಸಿದಿರಿ. ಅದೆಲ್ಲ ಸರಿಯಿತ್ತು. ಕೊನೆಗೆ ಸೌದೆಯ ಮಾಡಿನೊಳಗೆ ಬಗ್ಗಿ ಎರಡು ಯೂರಿಯಾ ಚೀಲ ಹಿಡಿದಿರಿ. ಖಾಲಿ ಚೀಲ! ಮಳೆಗಾಲದಲ್ಲಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಳ್ಳಲು ಇಟ್ಟದ್ದು. ಎಂತಕ್ಕೆ ಇಟ್ಟಿದ್ದೀಯ ಎಂದು ಒಂದು ಮಾತು ಕೇಳಬಹುದಿತ್ತು. ನಮ್ಮ ಕೊಟ್ಟಿಗೆಯಲ್ಲೂ ಅಂಥ ಚೀಲಗಳಿವೆ, ನೀನೇ ಅದರಲ್ಲಿ ಒಣ ಎಲೆಯ ದರಕು ತುಂಬುತ್ತೀಯ.

ಆ ವರದಿ ಹಿಡಿದು ಡಿಸೆಂಬರಿನ ಮೊದಲ ಭಾನುವಾರ ಯಲ್ಲಾಪುರದ ಸಂತೆಯ ಗೇಟಿನಲ್ಲಿ ಅವಳನ್ನು ತಡೆದದ್ದು ಬೇರೆ ಯಾರೂ ಅಲ್ಲ, ನಾನು. ತಲೆಯ ಮೇಲೆ ಗೆಣಸಿನ ಬುಟ್ಟಿಯಿತ್ತು. "ಅದು ಕೊಪ್ಪೆ ಚೀಲ ಅಮ್ಮಾ" ಎಂದಳು. ನಿಯಮ ಎಲ್ಲರಿಗೂ ಒಂದೇ ಮಂಜಿ ಎಂದೆ. ಈಗಲೂ ಆ ನನ್ನ ಧ್ವನಿ ನೆನಪಾದರೆ ನನ್ನ ಕೆನ್ನೆಗೇ ಬಾರಿಸಿಕೊಳ್ಳಬೇಕು ಅನಿಸುತ್ತದೆ. ಬುಟ್ಟಿ ಇಳಿಸದೆ ಹಾಗೇ ತಿರುಗಿ ಹೋದಳು. ಅವಳ ಜಾಗ ಖಾಲಿಯಿತ್ತಲ್ಲ, ಮಾವ ತನ್ನ ಹುಬ್ಬಳ್ಳಿ ಬದನೆಯನ್ನು ಅಲ್ಲಿಗೂ ಹರಡಿಕೊಂಡ. ನಾನೇ ಹರಡಲು ಹೇಳಿದೆ.

ಶುಕ್ರವಾರ ನಂದೊಳ್ಳಿಗೆ ಹೋದೆ. ತಪ್ಪಾಯಿತು ಎಂದೆ. ಮಂಜಿ ಒಳಗೆ ಹೋಗಿ ಚಹಾ ಮಾಡಿ ತಂದು ಮುಂದಿಟ್ಟು, ನನ್ನ ಕೈಯನ್ನೇ ನೋಡುತ್ತ ನಿಂತಳು. ಕುಡಿದೆ. ಇದನ್ನು ದೊಡ್ಡಸ್ತಿಕೆಗೆ ಬರೆಯುತ್ತಿಲ್ಲ. ನಾಲ್ಕು ವರ್ಷದಿಂದ ಅವಳ ಗೆಣಸು ಮಾರಿಸಿ ಭಾಷಣ ಮಾಡಿದವಳು ಅವಳ ಮನೆಯ ಚಹಾ ಕುಡಿದದ್ದು ಅವತ್ತೇ ಮೊದಲು, ನಾಚಿಕೆಯಾಗಬೇಕು ನನಗೆ. ಲೋಟ ಕೆಳಗಿಟ್ಟ ಮೇಲೆ ಅವಳು ಮಾತಾಡಿದಳು. "ನಿಮ್ಮ ಆಯಿ ದೇವಕಮ್ಮ ಚಾಪೆ ಮೇಲೆ ಒಂದ್ ಗಳಿಗೆ ಕೂತಿದ್ರೆ ಆ ಚೀಲ ಕಾಣ್ತಿರ್ಲಿಲ್ಲ ಅಮ್ಮಾ." ಸಂತೆಗೆ ವಾಪಸ್ ಬಾ ಎಂದೆ. "ಬರೂದು ದೊಡ್ಡದಲ್ಲ. ನಾಕು ವರ್ಷ ಎಲ್ಲರೂ ಬಂದು ನಮ್ಮನೆ ನೋಡ್ಕ ಹೋದ್ರು. ನಾ ಯಾರ ಮನೆ ನೋಡೂಕೆ ಹೋದೆ ಹೇಳಿ?" ಎಂದಳು. ತಾನೂ ಬೇರೆಯವರ ಗದ್ದೆ ನೋಡಲು ಹೋಗುವಂತಿದ್ದರೆ ಮಾತ್ರ ಬುಟ್ಟಿ ಹೊತ್ತು ಬರುತ್ತೇನೆ, ಇಲ್ಲದಿದ್ದರೆ ರಸ್ತೆ ಬದಿಯೇ ಸಾಕು ಎಂದಳು.

ಮನೆಗೆ ಬಂದು ಹಳೆಯ ಪಟ್ಟಿಗಳನ್ನೆಲ್ಲ ತೆಗೆದೆ. ಯಾರ ಗದ್ದೆಗೆ ಯಾರು ಹೋಗಬೇಕು ಎಂದು ಪ್ರತಿ ವರ್ಷ ಬರೆಯುವವಳು ನಾನೇ. ಮಂಜಿಯ ಹೆಸರಿಲ್ಲ, ಅವಳ ಕೇರಿಯ ಚೌಡನ ಹೆಸರಿಲ್ಲ. ಆರು ವರ್ಷದಲ್ಲಿ ಒಂದು ಸಲವೂ ಇಲ್ಲ. ಬರೆಯಬೇಡ ಎಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಇವರು ಹೋದರೆ ನಮ್ಮವರ ಮನೆಗಳಲ್ಲಿ ಎಲ್ಲಿ ಕೂರಿಸುತ್ತಾರೋ, ಮುಜುಗರ ಯಾಕೆ ಎಂದು ನಾನೇ ಒಳಗೊಳಗೆ ಲೆಕ್ಕ ಹಾಕಿ ಬಿಟ್ಟಿದ್ದೆ. ನಿನ್ನ ಮೇಲಿನ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದು, ಆದರೆ ನಿನ್ನ ಪಾಲೂ ಕಡಿಮೆಯಿಲ್ಲ.

ನೀನು ಫೋನಿನಲ್ಲಿ "ತಮ್ಮನ ಹೆಸರು ಬೋರ್ಡಲ್ಲಿ ಹಾಕಡ, ಕೂಸಿನ ತೊಟ್ಟಿಲಿಗೆ ಅವ ಬರವು" ಎಂದೆ. ತೊಟ್ಟಿಲ ಶಾಸ್ತ್ರಕ್ಕೆ ಅವನು ಬರಲೇಬೇಕೆಂಬ ಚಿಂತೆ ನಿನಗೆ. ಮಾವನೂ ಫೋನು ಮಾಡಿ "ಮನೆ ವಿಷ್ಯ ಸಂತೇಲಿ ಹೇಳಡ ಕೂಸೆ, ಆನು ನಿನ್ನ ಎತ್ತಿ ಆಡ್ಸಿದವ" ಎಂದ. ಎತ್ತಿ ಆಡಿಸಿದ್ದು ನಿಜ. ನನಗೆ ಕಸಿ ಕಟ್ಟಲು ಕಲಿಸಿದವನೂ ಅವನೇ. ಫೋನಿಟ್ಟು ಅತ್ತುಬಿಟ್ಟೆ. ಅತ್ತು ಮುಗಿಸಿ, ನಿನ್ನೆ ಯಲ್ಲಾಪುರದ ಸಂತೆಯಲ್ಲಿ ಎಲ್ಲರನ್ನೂ ಕೂರಿಸಿ ಎಲ್ಲವನ್ನೂ ಹೇಳಿದೆ. ಮಾವನನ್ನು ಮೂರೂ ಸಂತೆಯಿಂದ ತೆಗೆದಾಯಿತು, ಕಾರಣ ಬೋರ್ಡಿನಲ್ಲಿದೆ. ಅದರ ಕೆಳಗೆ ನೋಡದೆ ಬರೆದವಳೆಂದು ನಿನ್ನ ಹೆಸರು, ಓದದೆ ಸಹಿ ಹಾಕಿದವಳೆಂದು ನನ್ನದು. ಚಂದ್ರಶೇಖರಪ್ಪನವರು ತಾವೇ ಎದ್ದು ನಿಂತು ತಮ್ಮ ಹೆಸರನ್ನೂ ಬರೆಸಿದರು. ಇನ್ನು ಮೇಲೆ ಮೊದಲು ಗದ್ದೆ, ಆಮೇಲೆ ಜಗಲಿ. ಯಾರ ಮನೆಯೇ ಇರಲಿ, ಕೂತು ಕೊಟ್ಟದ್ದನ್ನು ಕುಡಿದು ಏಳಬೇಕು. ಕೂರದ ಭೇಟಿ ಭೇಟಿಯೇ ಅಲ್ಲ. ನಾಲ್ಕೈದು ಜನ ಮುಖ ಸಿಂಡರಿಸಿಕೊಂಡು ಹೋದರು. ಹೋಗಲಿ.

ಇಷ್ಟೆಲ್ಲ ಓದಿ ರಾತ್ರಿಯೂಟ ಬಿಟ್ಟು ಮಲಗಬೇಡ, ನಿನ್ನ ಹಟ ನನಗೆ ಗೊತ್ತು. ಗುಳಿಗೆ ಮರೆಯಬೇಡ. ಅಭಿಜ್ಞಾಳಿಗೆ, ಅವಳ ಯಜಮಾನರಿಗೆ ನನ್ನ ನೆನಪು ಹೇಳು. ಕೂಸಿನ ಎರಡೂ ಪಾದಕ್ಕೆ ನನ್ನ ಮುತ್ತು.

ನಿನ್ನದೇ ಸಿಟ್ಟು ಪಡೆದ ಮಗಳು,
ಶ್ರೀಲಕ್ಷ್ಮಿ

ತಾ.ಕ.: ಮರೆತಿದ್ದೆ ಎಂದು ಸುಳ್ಳು ಹೇಳುವುದಿಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಈ ವರ್ಷ ನಿನ್ನ ಮನೆಯ ಭೇಟಿ ಫೆಬ್ರವರಿ ಹತ್ತಕ್ಕೆ, ಮಂಗಳವಾರ. ಬರುವವರು ಚಂದ್ರಶೇಖರಪ್ಪ ಮತ್ತು ಮಂಜಿ. ಎರಡು ದಿನದ ಮಟ್ಟಿಗೆ ನೀನು ಬಂದೇ ಹೋಗಬೇಕು. ಅವಳು ಕೂತು ಆಸರಿಗೆ ಕುಡಿಯದೆ ಎದ್ದರೆ ನಿನ್ನ ಉಪ್ಪಿನಕಾಯಿಯ ಜಾಗ ಅವತ್ತಿಗೆ ಮುಗಿಯಿತು, ಆ ಕಾಗದವನ್ನು ಈ ಸಲ ಓದಿಯೇ ಸಹಿ ಹಾಕುತ್ತೇನೆ. ಮಂಜಿ ಒಂದು ಮಾತು ಕೇಳಿ ಕಳಿಸಿದ್ದಾಳೆ: "ದೇವಕಮ್ಮನ ಮನೇಲಿ ನಾ ಎಲ್ಲಿ ಕೂರೂದು? ಈಗ್ಲೇ ಕೇಳಿಡಿ ಅಮ್ಮಾ, ಅಲ್ಲಿ ಹೋಗಿ ನಿಂತ್ಕಂಡಿರೂದು ಬ್ಯಾಡ." ನಾನು ಉತ್ತರ ಕೊಟ್ಟಿಲ್ಲ. ಮನೆ ನಿನ್ನದು. ನಿನ್ನ ಅಕ್ಷರದಲ್ಲೇ ಬರೆದು ಕಳಿಸು, ನಾನು ಅವಳಿಗೆ ಓದಿ ಹೇಳುತ್ತೇನೆ.