ಹಿಂದಿನ ಸೀಟಿನ ಫುಟ್‌ರೆಸ್ಟ್

ರೀ,

ನೀವು ತೀರಿಕೊಂಡ ಎರಡು ವರ್ಷಕ್ಕೆ, ಇವತ್ತು ನಿಮ್ಮ ಕ್ರೂಸರ್ ಬೈಕ್ ಮಾರಿದೆ. ಕೊಂಡವರು ಅದನ್ನು ಒಯ್ದಾಗಿನಿಂದ ಗೇಟಿನ ತನಕ ಹೋಗುವುದು, ಬರುವುದು, ನನಗೆ ಇದೇ ಆಗಿದೆ.

ಕೊಂಡವರು ಕುಣಿಗಲ್‌ನ ಗಂಗಾಧರ್, ಹೈಸ್ಕೂಲ್ ಮೇಷ್ಟ್ರು. ನೀವು ಹಾಕಿಸಿದ್ದ ಎತ್ತರದ ಹ್ಯಾಂಡಲ್, ಅಗಲವಾದ ಟೈರು ಅವರಿಗೆ ಬಹಳ ಹಿಡಿಸಿತು. ಹಿಂದೆ ಹತ್ತಿ ಕೂತ ಅವರ ಹೆಂಡತಿ ಕೋಮಲಾ ಮಾತ್ರ, "ಅಯ್ಯೋ, ಮಂಡಿ ಗದ್ದಕ್ಕೆ ತಾಗುತ್ತಲ್ರೀ! ಫುಟ್‌ರೆಸ್ಟ್ ಯಾಕೆ ಇಷ್ಟು ಮೇಲಿದೆ?" ಎಂದರು.

ಗುಬ್ಬಿಯಿಂದ ಬಂದಿದ್ದ ನಿಮ್ಮ ಮೆಕ್ಯಾನಿಕ್ ವೀರಭದ್ರಯ್ಯ ನಕ್ಕರು. "ಅದು ಕಂಪ್ನಿದಲ್ಲ ಕಣಮ್ಮ. ನಮ್ ಮೇಡಂ ಕುಳ್ಳಗವ್ರೆ, ಕಾಲು ನೇತಾಡ್ಬಾರ್ದು ಅಂತ ಸಾರು ಮೇಡಂ ಪ್ಯಾಂಟೇ ತಂದು ಅಳತೆ ಕೊಟ್ರು. ಮೂರು ಸಲ ವೆಲ್ಡಿಂಗ್ ಬಿಚ್ಸಿ ಹಾಕ್ಸಿದ್ರು."

ನನ್ನ ನೀಲಿ ಪ್ಯಾಂಟ್ ಕಾಣೆಯಾಯಿತೆಂದು ಆಗ ನಾನು ಇಸ್ತ್ರಿಯವರ ಮೇಲೆ ರೇಗಿದ್ದೆ.

ಬೈಕಿನಲ್ಲಿ ಮಾರ್ಕೋನಹಳ್ಳಿ ಡ್ಯಾಮಿಗೆ ಹೋಗೋಣವೆಂದು ಎರಡು ಸಲ ಕರೆದಿರಿ. ಒಮ್ಮೆ ಮಕ್ಕಳ ಪರೀಕ್ಷೆ ಪೇಪರ್ ತಿದ್ದುವುದಿದೆ ಎಂದೆ. ಇನ್ನೊಮ್ಮೆ, ನೀವೇ ಹೋಗಿ ಬನ್ನಿ ಎಂದೆ. ಆಮೇಲೆ ನೀವು ಕರೆಯಲಿಲ್ಲ. ಆ ಬೈಕಿನಲ್ಲಿ ನನಗೆ ಜಾಗವಿಲ್ಲ ಅಂದುಕೊಂಡಿದ್ದೆ. ಅಥವಾ ಹಾಗೆ ಅಂದುಕೊಳ್ಳುವುದೇ ನನಗೆ ಸುಲಭವಾಗಿತ್ತೇ?

ಎಲ್ಲರೂ ಒಳಗೆ ಕಾಫಿ ಕುಡಿಯುವಾಗ ಹೊರಗೆ ಬಂದು ಮೊದಲ ಸಲ ಹಿಂದಿನ ಸೀಟು ಹತ್ತಿದೆ. ಪಾದಗಳು ಹುಡುಕಾಡದೆ ನೇರವಾಗಿ ಫುಟ್‌ರೆಸ್ಟ್ ಮೇಲೆ ಕೂತವು.

ಇಳಿದು ಒಳಗೆ ಹೋಗಿ, "ವೀರಭದ್ರಯ್ಯನವರೇ, ಫುಟ್‌ರೆಸ್ಟ್ ಕೆಳಗಿಳಿಸಿ ಕೊಡಿ. ಕೋಮಲಾ ಅವರಿಗೆ ಮಂಡಿ ನೋಯುತ್ತೆ," ಎಂದೆ.

ಅವರು ಲೋಟ ಕೆಳಗಿಟ್ಟು, "ಇಳಿಸ್ಲೇಬೇಕಾ ಮೇಡಂ?" ಎಂದರು.

ಹೂಂ ಎಂದೆ.